ಕಲಬುರಗಿಯ ಸುಲ್ತಾನ ಫಿರೋಜಶಹ

ನಾನು ಕಮಲಾಪುರದವನು. ನಮ್ಮೂರಿನ ಕೆಂಪು ಬಾಳೆಹಣ್ಣನ್ನು ಒಮ್ಮೆ ತಿಂದವರಿಗೆ ಊರಿನ ಪರಿಚಯವನ್ನು ಬೇರೆ ಮಾಡಿಕೊಡಬೇಕಾಗಿಲ್ಲ. ಚಿಕ್ಕಂದಿನಲ್ಲಿ ನಮ್ಮ ಅಜ್ಜಿ ನನ್ನನ್ನು ವರ್ಷಕ್ಕೆ ಎರಡು ಸಲ ತಪ್ಪದೆ ಕಲಬುರಗಿಗೆ ಕರೆದೊಯ್ಯುತ್ತಿದ್ದಳು. ಒಂದು ಸಲ ಶರಣಬಸವೇಶ್ವರರ ತೇರಿಗೆ, ಇನ್ನೊಂದು ಸಲ ಖ್ವಾಜಾ ಬಂದೇನವಾಜರ ಉರುಸಿಗೆ. ತೇರಿನ ದಿನ ಉತ್ತತ್ತಿ ಎಸೆದು ಕೈಮುಗಿಯುವುದು, ಉರುಸಿನ ದಿನ ದರ್ಗಾದಲ್ಲಿ ಸಕ್ಕರೆ ಓದಿಸಿಕೊಂಡು ಬಂದು ಓಣಿಗೆಲ್ಲ ಹಂಚುವುದು, ಇವೆರಡೂ ಆಕೆಗೆ ವರ್ಷದ ಕೆಲಸಗಳು. ಇವುಗಳಲ್ಲಿ ಯಾವುದು ತನ್ನದು, ಯಾವುದು ಪರರದು ಎಂಬ ವಿಚಾರ ಆಕೆಯ ತಲೆಯನ್ನು ಎಂದೂ ಹೊಕ್ಕಿದ್ದಿಲ್ಲ.

ಉರುಸಿಗೆ ಹೋದಾಗ ದರ್ಗಾಕ್ಕೆ ಸಮೀಪದಲ್ಲಿಯೇ ಇರುವ ಹಫ್ತ ಗುಂಬಜಿನ ನೆರಳಿನಲ್ಲಿ ಕುಳಿತು ನಾವು ಬುತ್ತಿ ಬಿಚ್ಚುತ್ತಿದ್ದೆವು. ಅಲ್ಲಿರುವ ಗುಮ್ಮಟಗಳಲ್ಲೆಲ್ಲ ದೊಡ್ಡದಾದ ಜೋಡಿ ಗುಮ್ಮಟವನ್ನು ತೋರಿಸಿ ಇದು ಯಾರ ಮನೆಯೆಂದು ನಾನು ಕೇಳಿದ್ದುಂಟು. ಯಾವನೋ ಹಳೆಯ ಬಾದಶಹನ ಗೋರಿ ಎಂದಷ್ಟೇ ಆಕೆಗೆ ಗೊತ್ತಿತ್ತು. ಅಲ್ಲಿ ದೀಪವಿರಲಿಲ್ಲ, ಹೂವಿರಲಿಲ್ಲ, ಸಕ್ಕರೆ ಮಾರುವವರೂ ಇರಲಿಲ್ಲ. ಕೂಗಳತೆಯಲ್ಲಿ ಲಕ್ಷ ಜನ ಸೇರಿರುವಾಗ ಇಷ್ಟು ದೊಡ್ಡ ಮನೆಯವನ ಬಾಗಿಲಿಗೆ ಒಬ್ಬನೂ ಬರುವುದಿಲ್ಲವಲ್ಲ ಎಂದು ನನಗೆ ಆಗ ಕನಿಕರವೆನಿಸುತ್ತಿತ್ತು. ಕಾಲೇಜಿಗೆ ಸೇರಿ ಇತಿಹಾಸವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡ ಮೇಲೆ ತಿಳಿಯಿತು, ಆ ಗೋರಿ ಬಹಮನಿ ವಂಶದ ಸುಲ್ತಾನರಲ್ಲಿ ಅತ್ಯಂತ ವಿದ್ಯಾವಂತನೆನಿಸಿದ ತಾಜುದ್ದೀನ್ ಫಿರೋಜಶಹನದೆಂದು. ಮಾತ್ರವಲ್ಲ, ಜೀವಮಾನವೆಲ್ಲ ಸಭೆ, ಸಂಗೀತ, ಮೆರವಣಿಗೆಗಳ ನಡುವೆಯೇ ಬಾಳಿದವನು ಅವನೆಂದು. ಅಂಥವನ ಬಾಗಿಲಿಗೆ ಜನ ಬಾರದೆ ಹೋದುದು ಹೇಗೆ? ಬಾಲ್ಯದ ಆ ಪ್ರಶ್ನೆಯನ್ನು ಹಿಡಿದುಕೊಂಡೇ ಅವನ ಜೀವನವನ್ನು ನನ್ನ ಸಹಪಾಠಿಗಳ ಮುಂದೆ ಇಡಲು ಯತ್ನಿಸಿದ್ದೇನೆ.

ಮೊದಲು ಒಂದು ಮಾತು. ಫಿರೋಜಶಹನ ವಿಷಯವಾಗಿ ನಮಗೆ ತಿಳಿದಿರುವುದರಲ್ಲಿ ಹೆಚ್ಚಿನದು ಫೆರಿಷ್ತಾ ಎಂಬ ಇತಿಹಾಸಕಾರನಿಂದ ಬಂದುದು. ಅವನು ವಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿ ಕುಳಿತು, ಫಿರೋಜಶಹ ತೀರಿಕೊಂಡು ಸುಮಾರು ಎರಡು ಶತಮಾನಗಳು ಕಳೆದ ಮೇಲೆ ಬರೆದವನು. ಕಥೆಯ ರುಚಿ ಬಲ್ಲವನು. ಸಂಖ್ಯೆಗಳನ್ನು ಹೇಳುವಾಗ ಕೈ ಸ್ವಲ್ಪ ಧಾರಾಳ. ಆದುದರಿಂದ ಅವನು ಹೇಳಿದ ಲೆಕ್ಕಗಳನ್ನು ಅವನ ಲೆಕ್ಕಗಳೆಂದೇ ತಿಳಿಯತಕ್ಕದ್ದು.

ಈಗ ಆ ಕಾಲದ ಕಲಬುರಗಿಯನ್ನು ಸ್ವಲ್ಪ ಕಲ್ಪಿಸಿಕೊಳ್ಳೋಣ. 1347ರಲ್ಲಿ ಅಲ್ಲಾವುದ್ದೀನ್ ಹಸನ್ ಬಹಮನಶಹನು ದೆಹಲಿಯ ಹಂಗನ್ನು ಹರಿದುಕೊಂಡು ದಕ್ಷಿಣದಲ್ಲಿ ಹೊಸ ರಾಜ್ಯವನ್ನು ಕಟ್ಟಿದಾಗ ಕಲಬುರಗಿಯೇ ಅದರ ರಾಜಧಾನಿಯಾಯಿತು. ಅಹಸನಾಬಾದ್ ಎಂಬ ಹೆಸರನ್ನೂ ಪಡೆಯಿತು. ಇಂದು ನಾವು ಸಂಜೆಯ ಹೊತ್ತು ಸುಮ್ಮನೆ ಸುತ್ತಾಡಿ ಬರುವ ಕೋಟೆಯು ಅಂದು ಒಂದು ದೊಡ್ಡ ರಾಜ್ಯದ ಎದೆಗೂಡಾಗಿದ್ದಿತು. ಸುತ್ತಲೂ ಕಂದಕ, ಎರಡು ಸುತ್ತಿನ ಗೋಡೆ, ನಡುವೆ ಬಾಲಾ ಹಿಸಾರ್. 1367ರಲ್ಲಿ ಕಟ್ಟಿದ ಜಾಮಿ ಮಸೀದಿಗೆ ಉಳಿದ ಮಸೀದಿಗಳಂತೆ ತೆರೆದ ಅಂಗಳವಿಲ್ಲ. ನೆರೆದವರೆಲ್ಲರ ತಲೆಯ ಮೇಲೂ ಗುಮ್ಮಟಗಳ ಸೂರು. ಆಗ ವೃತ್ತಪತ್ರಿಕೆಗಳಿರಲಿಲ್ಲ, ಆಕಾಶವಾಣಿಯಿರಲಿಲ್ಲ. ಅರಸನು ಅರಸನೆಂದು ಪ್ರಜೆಗಳಿಗೆ ತಿಳಿಯುತ್ತಿದ್ದುದು ನಾಲ್ಕು ಜನ ಸೇರಿದ ಕಡೆಯಲ್ಲಿಯೇ. ಶುಕ್ರವಾರದ ಪ್ರಾರ್ಥನೆಯಲ್ಲಿ ಅವನ ಹೆಸರಿನಲ್ಲಿ ಖುತ್ಬಾ ಓದಬೇಕು. ದರ್ಬಾರಿನಲ್ಲಿ ಅವನು ಸಿಂಹಾಸನವನ್ನೇರಿ ಕಾಣಿಸಿಕೊಳ್ಳಬೇಕು. ಹಬ್ಬ, ಮದುವೆ, ವಿಜಯಗಳ ದಿನ ಆನೆಯ ಮೇಲೆ ಬೀದಿಯಲ್ಲಿ ಹೋಗಬೇಕು. ಜನ ಸೇರಿದರೆ ಅರಸು, ಚದುರಿದರೆ ಬರಿಯ ಮನುಷ್ಯ.

ಆ ಸಭೆಗಳ ಶಕ್ತಿ ಎಂಥದೆಂಬುದಕ್ಕೆ ಫಿರೋಜಶಹನ ಮನೆತನದಲ್ಲಿಯೇ ಒಂದು ಕಥೆಯಿದ್ದಿತು. ಅವನ ದೊಡ್ಡಪ್ಪನಾದ ಒಂದನೆಯ ಮಹಮ್ಮದಶಹನ ಮುಂದೆ, 1366ರ ಸುಮಾರಿಗೆ, ದೆಹಲಿಯಿಂದ ಬಂದ ಮುನ್ನೂರು ಜನ ಗಾಯಕರು ಹಾಡಿದರಂತೆ. ಹಾಡು ಕೇಳಿ ಮೈಮರೆತ ಸುಲ್ತಾನನು ಅವರಿಗೆ ಕೊಡಬೇಕಾದ ಬಹುಮಾನದ ಹಣಕ್ಕೆ ತನ್ನ ಬೊಕ್ಕಸದ ಮೇಲಲ್ಲ, ವಿಜಯನಗರದ ಅರಸನ ಬೊಕ್ಕಸದ ಮೇಲೆ ಹುಂಡಿ ಬರೆದುಕೊಟ್ಟನು! ಅಮಲಿನಲ್ಲಿ ಬರೆದುದನ್ನು ಅಮಲು ಇಳಿದ ಮೇಲೂ ಹಿಂತೆಗೆದುಕೊಳ್ಳಲಿಲ್ಲ. ಹುಂಡಿಯನ್ನು ಹೊತ್ತು ಹೋದ ದೂತನನ್ನು ವಿಜಯನಗರದವರು ಕತ್ತೆಯ ಮೇಲೆ ಕೂರಿಸಿ ಮೆರೆಸಿದರು. ಪರಿಣಾಮವಾಗಿ ಭೀಕರವಾದ ಯುದ್ಧವಾಯಿತೆಂದು ಫೆರಿಷ್ತಾ ಬರೆಯುತ್ತಾನೆ. ಎರಡು ರಾಜ್ಯಗಳ ಹಗೆತನಕ್ಕೆ ಕೃಷ್ಣಾ ತುಂಗಭದ್ರೆಗಳ ನಡುವಣ ನೆಲವೇ ನಿಜವಾದ ಕಾರಣವೆಂಬುದು ನಮಗೆಲ್ಲ ತಿಳಿದುದೇ. ಆದರೂ ಒಂದು ಸಂಗೀತ ಕಚೇರಿಯ ಬಹುಮಾನಕ್ಕೆ ಸಾವಿರಾರು ತಲೆಗಳು ಉರುಳಿದ ಕಥೆ ನಮ್ಮ ಈ ಕೋಟೆಯಿಂದಲೇ ಹೊರಟಿತೆಂಬುದನ್ನು ಮರೆಯುವಂತಿಲ್ಲ.

ಫಿರೋಜನು ವಂಶದ ಮೂಲಪುರುಷನ ಮೊಮ್ಮಗ. ಅವನೂ ಅವನ ತಮ್ಮ ಅಹಮದನೂ ಎರಡನೆಯ ಮಹಮ್ಮದಶಹನ ಆಶ್ರಯದಲ್ಲಿ ಬೆಳೆದರು. ಇಬ್ಬರೂ ಅವನ ಅಳಿಯಂದಿರಾದರು. ಶಿರಾಜಿನಿಂದ ಬಂದಿದ್ದ ಮೀರ್ ಫಜಲುಲ್ಲಾ ಇಂಜೂ ಎಂಬ ಪಂಡಿತನು ಅವರ ಗುರು. 1397ರಲ್ಲಿ ಮಹಮ್ಮದಶಹನು ತೀರಿಕೊಂಡ ಮೇಲೆ ಏಳು ತಿಂಗಳೊಳಗೆ ಅವನ ಇಬ್ಬರು ಮಕ್ಕಳು ಒಬ್ಬರಾದ ಮೇಲೊಬ್ಬರು ಸಿಂಹಾಸನವನ್ನೇರಿ ಇಳಿದರು. ತಘಲ್ಚಿನ್ ಎಂಬ ತುರ್ಕಿ ಸರದಾರನು ಹಿರಿಯವನ ಕಣ್ಣು ಕೀಳಿಸಿ, ಕಿರಿಯವನನ್ನು ಗೊಂಬೆಯಂತೆ ಕೂರಿಸಿ ತಾನೇ ರಾಜ್ಯವಾಳತೊಡಗಿದನು. ಫಿರೋಜ ಅಹಮದರು ಶಹಾಪುರದ ಬಳಿಯ ಸಗರಕ್ಕೆ ಓಡಿಹೋಗಿ, ಜನರನ್ನು ಕೂಡಿಸಿಕೊಂಡು ಮರಳಿ ಬಂದರು. ಕಲಬುರಗಿಯ ದರ್ಬಾರಿನಲ್ಲಿಯೇ ತಘಲ್ಚಿನನ ಕಡೆಯವರನ್ನು ಹಿಡಿದರು. 1397ರ ನವೆಂಬರಿನಲ್ಲಿ ಫಿರೋಜನು ಪಟ್ಟವನ್ನೇರಿದನು. ಅಣ್ಣನಿಗೆ ತಮ್ಮನು ಬಲಗೈಯಾಗಿ ನಿಂತನು. ಈ ಅಣ್ಣತಮ್ಮಂದಿರ ಒಗ್ಗಟ್ಟನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಕಥೆ ಮುರಿಯುವುದು ಇಲ್ಲಿಯೇ.

ಫಿರೋಜಶಹನ ದಿನಚರಿಯನ್ನು ಓದಿದರೆ ವಿದ್ಯಾರ್ಥಿಗಳಾದ ನಮಗೆ ನಾಚಿಕೆಯಾದೀತು. ನಾಲ್ಕು ದಿನಕ್ಕೊಮ್ಮೆ ಕುರಾನಿನ ಹದಿನಾರು ಪುಟಗಳನ್ನು ಸ್ವಹಸ್ತದಿಂದ ಪ್ರತಿಮಾಡದೆ ಅವನು ರಾಜಕಾರ್ಯಕ್ಕೆ ಕೂಡುತ್ತಿರಲಿಲ್ಲವಂತೆ. ವಾರದಲ್ಲಿ ಮೂರು ದಿನ ತಾನೇ ಗಣಿತ, ತರ್ಕ ಮೊದಲಾದ ಶಾಸ್ತ್ರಗಳ ಪಾಠ ಹೇಳುತ್ತಿದ್ದನು. ಹಗಲು ಬಿಡುವಾಗದಿದ್ದರೆ ರಾತ್ರಿಯಾದರೂ ಹೇಳಲೇಬೇಕು. ಹಲವು ಭಾಷೆಗಳನ್ನು ಬಲ್ಲವನಾಗಿದ್ದುದರಿಂದ ಬೇರೆ ಬೇರೆ ದೇಶದವರೊಡನೆ ಅವರವರ ನುಡಿಯಲ್ಲಿಯೇ ಮಾತನಾಡುತ್ತಿದ್ದನು. ತಾನೂ ಕವಿ. ಗೋವೆ ಮತ್ತು ಚೌಲ್ ಬಂದರುಗಳಿಂದ ಪ್ರತಿವರ್ಷ ಹಡಗುಗಳನ್ನು ಕಳುಹಿಸುತ್ತಿದ್ದನು. ಅವು ಪರದೇಶದ ಸರಕುಗಳೊಡನೆ ಪರದೇಶದ ಪಂಡಿತರನ್ನೂ ಹೊತ್ತು ತರಬೇಕೆಂದು ಅವನ ಆಸೆ. ಬ್ರಾಹ್ಮಣರನ್ನು ಆಡಳಿತದ ಕೆಲಸಗಳಿಗೆ ನೇಮಿಸಿಕೊಂಡನು. 1407ರಲ್ಲಿ ದೌಲತಾಬಾದಿನಲ್ಲಿ ಗ್ರಹನಕ್ಷತ್ರಗಳನ್ನು ನೋಡುವ ವೇಧಶಾಲೆಯೊಂದನ್ನು ಆರಂಭಿಸಿದನು. ಕೆಲಸ ಹೊತ್ತ ಪಂಡಿತನು ನಡುವೆ ತೀರಿಕೊಂಡುದರಿಂದ ಅದು ಪೂರ್ತಿಯಾಗಲಿಲ್ಲ.

ಆದರೆ ಅವನ ವೈಶಿಷ್ಟ್ಯವು ಕಂಡುಬರುವುದು ರಾತ್ರಿಯ ಸಭೆಗಳಲ್ಲಿ. ರಾಜಕಾರ್ಯ ಮುಗಿದ ಮೇಲೆ ಪಂಡಿತರು, ಕವಿಗಳು, ಕಥೆಗಾರರು, ಗಾಯಕರು ಒಟ್ಟುಗೂಡುತ್ತಿದ್ದರು. ಅಲ್ಲಿ ಸುಲ್ತಾನನೆಂಬ ಭಯವಿರಕೂಡದೆಂದು ಅವನ ಆಜ್ಞೆ. ಬೇಕಾದಾಗ ಬರಬಹುದು, ಬೇಕಾದಾಗ ಏಳಬಹುದು, ಬೇಕಾದುದನ್ನು ಕೇಳಿ ತಿನ್ನಬಹುದು, ಮನಸ್ಸಿಗೆ ಬಂದುದನ್ನು ಆಡಬಹುದು. ಹಗಲು ದರ್ಬಾರಿನಲ್ಲಿ ತಗ್ಗಿದ ತಲೆಯನ್ನೆತ್ತದೆ ನಿಂತವನು ರಾತ್ರಿ ಅದೇ ಸುಲ್ತಾನನ ಮಾತನ್ನು ಅಲ್ಲಗಳೆಯಬಹುದಾಗಿತ್ತು. ಎರಡೇ ಎರಡು ನಿಷೇಧಗಳಿದ್ದವು. ಒಂದು, ರಾಜ್ಯದ ವ್ಯವಹಾರವನ್ನು ಅಲ್ಲಿ ಎತ್ತಕೂಡದು. ಎರಡು, ಎದುರಿಗಿಲ್ಲದವರ ಮೇಲೆ ಚಾಡಿ ಹೇಳಕೂಡದು. ಇಂದಿನ ನಮ್ಮ ಹಾಸ್ಟೆಲಿನ ಕೋಣೆಗಳಲ್ಲಿ ಈ ಎರಡು ನಿಯಮಗಳನ್ನು ಹಾಕಿದರೆ ರಾತ್ರಿ ಹತ್ತು ಗಂಟೆಯ ಮೇಲೆ ಮಾತೇ ನಡೆಯಲಾರದೋ ಏನೋ!

ಅವನಲ್ಲಿ ದೋಷಗಳಿರಲಿಲ್ಲವೆಂದಲ್ಲ. ಮದ್ಯ ಮತ್ತು ಸಂಗೀತ ಇವೆರಡನ್ನು ಬಿಡಲಾರೆನೆಂದು ಅವನೇ ಒಪ್ಪಿಕೊಳ್ಳುತ್ತಿದ್ದನೆಂದು ಫೆರಿಷ್ತಾ ಹೇಳುತ್ತಾನೆ. ಅವನ ಅಂತಃಪುರದಲ್ಲಿ ಅನೇಕ ದೇಶಗಳ ಹೆಂಗಸರಿದ್ದರು. ಕಲಬುರಗಿಯಿಂದ ದಕ್ಷಿಣಕ್ಕೆ ಸುಮಾರು 28 ಕಿ.ಮೀ. ದೂರದಲ್ಲಿ, ಭೀಮಾ ನದಿಯ ದಡದಲ್ಲಿ, ಅವನು ಫಿರೋಜಾಬಾದ್ ಎಂಬ ಹೊಸ ನಗರವನ್ನೇ ಕಟ್ಟಿಸಿ ಅಲ್ಲಿ ಅರಮನೆಗಳನ್ನು ನಿರ್ಮಿಸಿದನು. ಆ ಊರಿನ ಹಾಳುಬಿದ್ದ ಕೋಟೆಗೋಡೆಗಳನ್ನೂ ಮಸೀದಿಯನ್ನೂ ಈಗಲೂ ನೋಡಬಹುದು.

ಸಂಗೀತದ ಸಭೆಯೇ ಅವನ ರಾಜಕೀಯಕ್ಕೆ ಆಯುಧವಾದ ಒಂದು ಪ್ರಸಂಗವನ್ನು ಮುಚ್ಚಿಡುವುದು ಸರಿಯಲ್ಲ. 1398ರಲ್ಲಿ ವಿಜಯನಗರದ ಎರಡನೆಯ ಹರಿಹರನ ಸೈನ್ಯ ತುಂಬಿ ಹರಿಯುತ್ತಿದ್ದ ಕೃಷ್ಣೆಯ ಆಚೆಯ ದಡದಲ್ಲಿ ಬೀಡುಬಿಟ್ಟಿತ್ತು. ಈಚೆಯಲ್ಲಿ ಫಿರೋಜಶಹ. ಹೊಳೆ ದಾಟುವಂತಿರಲಿಲ್ಲ. ಆಗ ಕಾಜಿ ಸಿರಾಜ್ ಎಂಬುವನು ಕೆಲವರೊಡನೆ ವೇಷ ಮರೆಸಿಕೊಂಡು ಆಚೆಯ ಪಾಳೆಯವನ್ನು ಸೇರಿ, ನರ್ತಕಿಯೊಬ್ಬಳ ಸ್ನೇಹ ಸಂಪಾದಿಸಿ, ಅವಳ ಮೇಳದವನಾಗಿ ರಾಜಕುಮಾರನ ಮುಂದೆ ನಡೆಯುವ ಆಟಕ್ಕೆ ಹೋದನು. ಹಾಡಿದರು, ಕುಣಿದರು, ನಗಿಸಿದರು. ಕೊನೆಗೆ ಕತ್ತಿವರಸೆಯ ಆಟ. ನೋಡುವವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಂತೆಯೇ ಆ ಕತ್ತಿಗಳು ರಾಜಕುಮಾರನ ಎದೆಯನ್ನು ಹೊಕ್ಕವು. ದೀಪಗಳು ಆರಿದವು, ಗದ್ದಲದಲ್ಲಿ ಫಿರೋಜಶಹನ ಸೈನ್ಯ ಹೊಳೆ ದಾಟಿತು. ಗೆದ್ದವರು ಇದನ್ನು ಜಾಣತನವೆಂದು ಬರೆದುಕೊಂಡರು. ಆದರೆ ಆಟ ನೋಡಲು ಕುಳಿತವನು ಕವಚವನ್ನು ಬಿಚ್ಚಿಟ್ಟು ಕುಳಿತಿರುತ್ತಾನೆ. ಅವನ ನಂಬಿಕೆಗೆ ಕತ್ತಿ ಹಾಕುವುದು ಯಾವ ಧರ್ಮದಲ್ಲಿಯೂ ಮೆಚ್ಚತಕ್ಕ ಮಾತಲ್ಲ. ರಾತ್ರಿಯ ಸಭೆಯಲ್ಲಿ ಅತಿಥಿಗಳಿಗೆ ಅಭಯ ಕೊಡುತ್ತಿದ್ದ ಅರಸನು ಪರರ ಸಭೆಯ ಅಭಯವನ್ನು ಮುರಿದವರಿಂದ ಲಾಭ ಪಡೆದುಕೊಂಡನೆಂಬುದು ಅವನ ಮೇಲಿರುವ ಕಪ್ಪು.

ಎಂಟು ವರ್ಷಗಳ ತರುವಾಯ ಇನ್ನೊಂದು ಯುದ್ಧವಾಯಿತು. ಮುದಗಲ್ಲಿನ ಅಕ್ಕಸಾಲಿಗನೊಬ್ಬನ ಮಗಳು ರೂಪದಲ್ಲಿಯೂ ಸಂಗೀತದಲ್ಲಿಯೂ ಹೆಸರಾಗಿದ್ದಳು. ಅವಳನ್ನು ಪಡೆಯಬೇಕೆಂದು ವಿಜಯನಗರದ ಒಂದನೆಯ ದೇವರಾಯನು ಸೈನ್ಯವನ್ನು ಕಳುಹಿಸಿದನೆಂದೂ ಅದೇ 1406ರ ಯುದ್ಧಕ್ಕೆ ನೆಪವಾಯಿತೆಂದೂ ಫೆರಿಷ್ತಾನ ಕಥನ. ದೇವರಾಯನು ಒಪ್ಪಂದಕ್ಕೆ ಬರಬೇಕಾಯಿತು. ಹತ್ತು ಲಕ್ಷ ಹೊನ್ನು, ಐದು ಮಣ ಮುತ್ತು, ಐವತ್ತು ಆನೆಗಳು, ಬಂಕಾಪುರದ ಕೋಟೆ. ಇವುಗಳ ಜೊತೆಗೆ ಹಾಡು ಕುಣಿತ ವಾದ್ಯಗಳಲ್ಲಿ ಪಳಗಿದ ಎರಡು ಸಾವಿರ ಗಂಡು ಹೆಣ್ಣು ದಾಸರು ಎಂದು ಅವನು ಪಟ್ಟಿ ಕೊಡುತ್ತಾನೆ. ಮುತ್ತು ಆನೆಗಳ ಸಾಲಿನಲ್ಲಿ ಹಾಡುವ ಕೊರಳುಗಳನ್ನೂ ಎಣಿಸಿಕೊಟ್ಟರೆಂಬುದನ್ನು ಓದಿದಾಗ ಮನಸ್ಸಿಗೆ ನೋವಾಗುತ್ತದೆ. ಎರಡು ರಾಜಧಾನಿಗಳ ಕಚೇರಿಗಳು ಎಷ್ಟು ಸೊಗಸಾಗಿದ್ದರೂ ಆ ಸೊಗಸಿನ ಹಿಂದೆ ಊರು ಬಿಟ್ಟು ಬಂದ ಹುಡುಗ ಹುಡುಗಿಯರಿದ್ದರು.

ಅದೇ ಒಪ್ಪಂದದ ಪ್ರಕಾರ ದೇವರಾಯನ ಮಗಳನ್ನು ಫಿರೋಜಶಹನಿಗೆ ಕೊಟ್ಟು ಮದುವೆಯಾಯಿತೆಂದು ಫೆರಿಷ್ತಾ ಬಣ್ಣಿಸುತ್ತಾನೆ. ಫಿರೋಜಶಹನು ಹೆಂಡತಿಯೊಡನೆ ವಿಜಯನಗರಕ್ಕೆ ಮಾವನ ಮನೆಗೆ ಹೋದನು. ನಗರದ ಬಾಗಿಲಿನಿಂದ ಅರಮನೆಯವರೆಗೆ ಆರು ಮೈಲಿ ದಾರಿಗೆ ಜರತಾರಿ, ಮಖಮಲ್ಲುಗಳ ನಡೆಮಡಿ ಹಾಸಿದ್ದರು. ಇಬ್ಬರು ಅರಸರು ಜೊತೆಯಾಗಿ ಕುದುರೆಯ ಮೇಲೆ ಬರುತ್ತಿದ್ದಂತೆ ಎರಡು ಪಕ್ಕದಲ್ಲಿಯೂ ನಿಂತ ಹುಡುಗ ಹುಡುಗಿಯರು ಹೊನ್ನು ಬೆಳ್ಳಿಯ ಹೂಗಳನ್ನು ಸೂರೆಮಾಡಿದರು. ನಗರದ ಗಂಡಸರು ಹೆಂಗಸರು ಬೀದಿಯಲ್ಲಿ ಕಿಕ್ಕಿರಿದಿದ್ದರು. ಅರವತ್ತು ವರ್ಷಗಳಿಂದ ಹಗೆಗಳಾಗಿದ್ದ ಎರಡು ರಾಜ್ಯಗಳ ಪ್ರಜೆಗಳು ಆ ದಿನ ಏನೆಂದುಕೊಂಡರೋ! ಹೊಲಕ್ಕೆ ಬೆಂಕಿ ಬೀಳುವುದು ಇನ್ನಾದರೂ ನಿಂತೀತೆಂದು ರಾಯಚೂರು ಮುದಗಲ್ಲುಗಳ ಒಕ್ಕಲಿಗರು ನಿಟ್ಟುಸಿರು ಬಿಟ್ಟಿರಬೇಕು. ಆದರೆ ಅಷ್ಟು ದೊಡ್ಡ ಮೆರವಣಿಗೆಯ ಫಲವು ಒಂದು ಸಣ್ಣ ಬೀಳ್ಕೊಡುಗೆಯಲ್ಲಿ ಹಾಳಾಯಿತು. ಮೂರು ದಿನಗಳ ಮೇಲೆ ಫಿರೋಜಶಹನು ಹೊರಟಾಗ ದೇವರಾಯನು ನಾಲ್ಕು ಮೈಲಿಯವರೆಗೆ ಬಂದು ಹಿಂದಿರುಗಿದನು. ಅಳಿಯನನ್ನು ಪಾಳೆಯದವರೆಗೆ ಕಳುಹಿಸಿಕೊಡಲಿಲ್ಲವೆಂದು ಫಿರೋಜಶಹನು ಮನಸ್ಸಿನಲ್ಲಿ ಮುನಿಸನ್ನಿಟ್ಟುಕೊಂಡನು. ನೆರೆದ ಸಾವಿರಾರು ಜನರ ಸಂತೋಷವನ್ನು ನೋಡಬೇಕಾಗಿದ್ದ ಕಣ್ಣು ತನಗೆ ಸಂದ ಮರ್ಯಾದೆಯ ಮೈಲಿಗಲ್ಲುಗಳನ್ನು ಎಣಿಸುತ್ತಿತ್ತು.

ಇನ್ನು ಕಥೆಯ ಮುಖ್ಯ ಭಾಗಕ್ಕೆ ಬರೋಣ. 1398ರ ಕೊನೆಯಲ್ಲಿ ತೈಮೂರನು ದೆಹಲಿಯ ಮೇಲೆ ಬಿದ್ದನು. ಅದರ ಮುನ್ಸೂಚನೆ ಕಂಡು ದೆಹಲಿಯನ್ನು ಬಿಟ್ಟವರಲ್ಲಿ ಸೈಯದ್ ಮಹಮ್ಮದ್ ಹುಸೇನಿ ಗೇಸುದರಾಜರೂ ಒಬ್ಬರು. ಚಿಶ್ತಿ ಪಂಥದ ನಸೀರುದ್ದೀನ್ ಚಿರಾಗ್ ದೆಹಲಿಯವರ ಶಿಷ್ಯರು. ಅವರನ್ನೇ ನಾವು ಬಂದೇನವಾಜರೆಂದು ಕರೆಯುತ್ತೇವೆ. 1321ರಲ್ಲಿ ಹುಟ್ಟಿದ ಅವರಿಗೆ ಆಗಲೇ ಎಂಬತ್ತರ ಹತ್ತಿರ. ಗುಜರಾತಿನ ಮೇಲೆ ಹಾದು, ಬಾಲ್ಯವನ್ನು ಕಳೆದ ದೌಲತಾಬಾದಿಗೆ ಬಂದು, ಅಲ್ಲಿಂದ 1400ರ ಸುಮಾರಿಗೆ ಕಲಬುರಗಿಯನ್ನು ಸೇರಿದರು. ಫಿರೋಜಶಹನು ಸರದಾರರೊಡನೆ ಎದುರುಗೊಂಡು ಕರೆತಂದನು. ಕೋಟೆಯ ಸಮೀಪದಲ್ಲಿಯೇ ಅವರ ಖಾನಕಾ ಏರ್ಪಟ್ಟಿತು.

ಹೀಗೆ ಒಂದೇ ಕೋಟೆಯ ಆಸುಪಾಸಿನಲ್ಲಿ ಎರಡು ಸಭೆಗಳು ಹುಟ್ಟಿಕೊಂಡವು. ಒಳಗೆ ಸುಲ್ತಾನನ ರಾತ್ರಿಯ ಸಭೆ. ಹೊರಗೆ ಸಂತರ ಸಮಾ. ಸಮಾ ಎಂದರೆ ದೇವರ ಪ್ರೇಮವನ್ನು ಹಾಡಿ ಕೇಳುವ ಚಿಶ್ತಿಯವರ ಸಾಧನೆ. ಹಾಡು ಕೇಳುತ್ತ ಕೇಳುತ್ತ ಭಾವಾವೇಶದಲ್ಲಿ ಮೈಮರೆಯುವವರೂ ಉಂಟು. ಸಂಗೀತ ಧರ್ಮಕ್ಕೆ ಸಲ್ಲದೆಂದು ಆಕ್ಷೇಪಿಸುವ ಪಂಡಿತರೂ ಆಗ ಇದ್ದರು. ಎರಡು ಸಭೆಗಳಲ್ಲಿಯೂ ಹಾಡಿತ್ತು, ಮಾತಿತ್ತು. ಭೇದವೆಲ್ಲಿ? ಒಳಗಿನ ಸಭೆಗೆ ಬುದ್ಧಿವಂತರು ಬರುತ್ತಿದ್ದರು, ಹೊರಗಿನ ಸಭೆಗೆ ಬಳಲಿದವರು ಬರುತ್ತಿದ್ದರು. ಬುದ್ಧಿವಂತರು ಯಾವ ಊರಿನಲ್ಲಿಯೂ ಕೆಲವರು, ಬಳಲಿದವರಿಗೆ ಲೆಕ್ಕವಿಲ್ಲ. ತತ್ತ್ವ, ತರ್ಕಗಳಲ್ಲಿ ನುರಿತ ಫಿರೋಜಶಹನಿಗೆ ಈ ವೃದ್ಧರಲ್ಲಿ ತನಗೆ ಬೇಕಾದ ಶಾಸ್ತ್ರಪಾಂಡಿತ್ಯ ಕಾಣಲಿಲ್ಲ. ಮೊದಲಿನ ಆದರವು ತಣ್ಣಗಾಯಿತು. ತಮ್ಮನಾದ ಅಹಮದಖಾನನು ಮಾತ್ರ ಖಾನಕಾಕ್ಕೆ ನಡೆದುಕೊಂಡನು. ಸಮಾದಲ್ಲಿ ಜನರ ನಡುವೆ ಕುಳಿತು ಕೇಳಿದನು, ಬಡವರಿಗೆ ಧಾರಾಳವಾಗಿ ದಾನ ಮಾಡಿದನು. ಅಣ್ಣನು ಪಂಡಿತರೊಡನೆ ವಾದದಲ್ಲಿ ಗೆಲ್ಲುತ್ತಿದ್ದಾಗ ತಮ್ಮನಿಗೆ ಕಲಬುರಗಿಯ ಬೀದಿಗಳು ಪರಿಚಯವಾದವು.

1415ರ ಸುಮಾರಿಗೆ ಫಿರೋಜಶಹನು ತನ್ನ ಮಗ ಹಸನಖಾನನನ್ನು ಯುವರಾಜನನ್ನಾಗಿ ಮಾಡಿ ಸಂತರ ಆಶೀರ್ವಾದವನ್ನು ಬೇಡಿದನು. ಅರಸನೇ ಆರಿಸಿದ ಮೇಲೆ ಫಕೀರನ ಆಶೀರ್ವಾದವೇಕೆಂದು ಅವರು ತಪ್ಪಿಸಿಕೊಳ್ಳಲು ನೋಡಿದರಂತೆ. ಮತ್ತೆ ಒತ್ತಾಯಿಸಲಾಗಿ, ದೈವಸಂಕಲ್ಪದಲ್ಲಿ ಪಟ್ಟವು ಅಹಮದನಿಗಿರುವುದರಿಂದ ಬೇರೊಬ್ಬರನ್ನು ಹರಸುವುದು ವ್ಯರ್ಥವೆಂದು ತಿಳಿಸಿಬಿಟ್ಟರು. ಫಿರೋಜಶಹನಿಗೆ ಸಿಟ್ಟು ಬಂದಿತು. ಖಾನಕಾದಲ್ಲಿ ಸೇರುವ ಜನಸಂದಣಿ ಕೋಟೆಗೆ ತೀರ ಹತ್ತಿರವಾಗಿದೆ, ಇದರಿಂದ ಶಾಂತಿಭಂಗವಾದೀತು ಎಂಬ ಕಾರಣವನ್ನು ಮುಂದೆ ಮಾಡಿ, ಅವರು ಊರ ಹೊರಗೆ ಹೋಗತಕ್ಕದ್ದೆಂದು ಆಜ್ಞೆ ಮಾಡಿದನು.

ಆ ಆಜ್ಞೆಯನ್ನು ನಾವು ಸ್ವಲ್ಪ ವಿಚಾರ ಮಾಡಬೇಕು. ಜನ ಸೇರುವ ಕಡೆಯಲ್ಲಿ ವ್ಯವಸ್ಥೆ ಬೇಕೆಂಬುದನ್ನು ಯಾವ ಸರ್ಕಾರವೂ ಅಲ್ಲಗಳೆಯಲಾರದು. ಇಂದಿಗೂ ಪಂದ್ಯಗಳಿಗೆ, ಕಚೇರಿಗಳಿಗೆ, ಸಭೆಗಳಿಗೆ ರಾಜಧಾನಿಯಲ್ಲಿ ಪೋಲೀಸರ ಅಪ್ಪಣೆ ಬೇಕು. ಅದನ್ನು ಅಲಕ್ಷಿಸಿದರೆ ಏನಾದೀತೆಂಬುದನ್ನು 2025ರ ಜೂನ್ 4ರಂದು ನಾವು ಕಂಡೆವು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ, ಗೆದ್ದ ಕ್ರಿಕೆಟ್ ತಂಡವನ್ನು ನೋಡಬೇಕೆಂದು ಹೋದವರಲ್ಲಿ ಹನ್ನೊಂದು ಮಂದಿ ನೂಕುನುಗ್ಗಲಿನಲ್ಲಿ ಪ್ರಾಣ ಬಿಟ್ಟರು. ಜನರ ಪ್ರಾಣದ ಮೇಲಿನ ಕಾಳಜಿಯಿಂದ ಗುಂಪಿಗೆ ಮಿತಿ ಹಾಕುವುದು ಅರಸನ ಧರ್ಮ. ಫಿರೋಜಶಹನು ಅಂಜಿದುದು ಜನರಿಗಾಗಿ ಅಲ್ಲ, ಜನರಿಗೇ ಅಂಜಿದನು. ಶಾಂತಿಯ ಹೆಸರು ಹೇಳಿ ತನ್ನ ಅಸಮಾಧಾನವನ್ನು ತೀರಿಸಿಕೊಂಡನು.

ಸಂತರು ಮರುಮಾತಾಡದೆ ಎದ್ದು ಹೋದರು. ಊರಿನ ಪೂರ್ವಕ್ಕೆ, ಇಂದು ಅವರ ದರ್ಗಾ ಇರುವ ಜಾಗದಲ್ಲಿ ನೆಲೆಸಿದರು. ಅಲ್ಲಿ ಅವರಿಗೆ ಮನೆಯನ್ನು ಕಟ್ಟಿಕೊಟ್ಟವರು ಜನರೇ. ಸುಲ್ತಾನನು ಒಬ್ಬ ಮುದುಕನನ್ನು ಕೋಟೆಯಿಂದ ದೂರ ಕಳುಹಿಸಿದೆನೆಂದುಕೊಂಡನು. ನಿಜವಾಗಿ ಕೋಟೆಯಿಂದ ದೂರ ಹೋದುದು ಕಲಬುರಗಿಯ ಜನತೆಯ ಮನಸ್ಸು. ಕೋಟೆಯ ಬಾಗಿಲಿಗೆ ಬರುತ್ತಿದ್ದ ದಾರಿಗಳೆಲ್ಲ ಅಂದಿನಿಂದ ಪೂರ್ವಕ್ಕೆ ತಿರುಗಿದವು.

ಆಮೇಲೆ ಇಳಿಗಾಲ. 1417ರಲ್ಲಿ ಫಿರೋಜಶಹನು ತೆಲಂಗಾಣದ ಪಾನಗಲ್ ಕೋಟೆಯನ್ನು ಮುತ್ತಿದನು. ಮುತ್ತಿಗೆ ಎರಡು ವರ್ಷ ಹಿಡಿಯಿತು. ಪಾಳೆಯದಲ್ಲಿ ಬೇನೆ ಬಿದ್ದು ಜನರೂ ಕುದುರೆಗಳೂ ಸತ್ತರು. ಕೊನೆಗೆ ವಿಜಯನಗರದ ಸೈನ್ಯ ಬಂದು ಅವನನ್ನು ಪೂರ್ತಿಯಾಗಿ ಸೋಲಿಸಿತು. ಗುರುವೂ ಮಂತ್ರಿಯೂ ಆಗಿದ್ದ ಮೀರ್ ಫಜಲುಲ್ಲಾ ಆ ಯುದ್ಧದಲ್ಲಿ ಮಡಿದನು. ಅಣ್ಣನನ್ನು ಉಳಿಸಿ, ಚೆದರಿದ ಸೈನ್ಯವನ್ನು ಕೂಡಿಸಿ, ರಾಜ್ಯವನ್ನು ಕಾಪಾಡಿದವನು ಅಹಮದಖಾನ. ಸೋತು ಮುಪ್ಪಾದ ಫಿರೋಜಶಹನು ಹಾಸಿಗೆ ಹಿಡಿದನು. ಹೋಶಿಯಾರ್, ಬೀದಾರ್ ಎಂಬ ಇಬ್ಬರು ಗುಲಾಮ ಸರದಾರರ ಕೈಗೆ ಅಧಿಕಾರ ಹೋಯಿತು. ಅವರು ತಮ್ಮನ ಮೇಲೆ ಅಣ್ಣನ ಕಿವಿ ಕಚ್ಚಿದರು. ಎದುರಿಗಿಲ್ಲದವರ ಮೇಲೆ ಚಾಡಿ ಕೂಡದೆಂದು ಒಮ್ಮೆ ನಿಯಮ ಮಾಡಿದ್ದ ಅರಸನು ಈಗ ಚಾಡಿಯನ್ನೇ ಔಷಧದಂತೆ ಕುಡಿದನು. ಅಹಮದನ ಕಣ್ಣು ಕೀಳಿಸುವ ಆಲೋಚನೆ ನಡೆಯಿತು.

ಸುದ್ದಿ ತಿಳಿದ ಅಹಮದನು ಮಗನೊಡನೆ ಬಂದೇನವಾಜರಲ್ಲಿಗೆ ಹೋದನು. ಅವರು ಹುಡುಗನ ತಲೆಯ ಮೇಲಿನ ರುಮಾಲನ್ನು ಎರಡಾಗಿ ಹರಿದು ಒಂದನ್ನು ತಂದೆಗೂ ಒಂದನ್ನು ಮಗನಿಗೂ ಸುತ್ತಿ ಹರಸಿದರೆಂದು ಕಥೆ. ನಾನೂರು ಸವಾರರೊಡನೆ ಅವನು ಊರು ಬಿಟ್ಟನು. ಖಲಫ್ ಹಸನ್ ಎಂಬ ಬಸರಾದ ವ್ಯಾಪಾರಿ ಅವನ ಬೆಂಬಲಕ್ಕೆ ನಿಂತನು. ಧಾನ್ಯ ಸಾಗಿಸುತ್ತಿದ್ದ ಬಣಜಾರರ ಎರಡು ಸಾವಿರ ಎತ್ತುಗಳನ್ನು ಕೊಂಡು, ಅವುಗಳ ಮೇಲೆ ಜನರನ್ನು ಕೂರಿಸಿ ನಿಶಾನೆ ಹಿಡಿಸಿ, ದೂರದಿಂದ ನೋಡುವವರಿಗೆ ಹೊಸ ಸೈನ್ಯ ಬಂದಂತೆ ಕಾಣಿಸಿ ಎದುರಾಳಿಗಳನ್ನು ಓಡಿಸಿದನಂತೆ. ಕೊನೆಗೆ ಫಿರೋಜಶಹನೇ ಪಲ್ಲಕ್ಕಿಯಲ್ಲಿ ಯುದ್ಧಕ್ಕೆ ಹೊರಟನು. ನಿತ್ರಾಣದಿಂದ ಅವನು ಮೂರ್ಛೆಹೋದಾಗ ಸುಲ್ತಾನನು ಸತ್ತನೆಂದು ಸುದ್ದಿ ಹಬ್ಬಿತು. ಅವನ ಸೈನಿಕರು ಸಾಲುಸಾಲಾಗಿ ಅಹಮದನ ಕಡೆಗೆ ನಡೆದರು. ಅರಸನ ಸುತ್ತಲಿದ್ದ ಕೊನೆಯ ಸಭೆಯೂ ಚದುರಿತು.

ಆಗ ಫಿರೋಜಶಹನಲ್ಲಿದ್ದ ಹಳೆಯ ವಿವೇಕವು ಎಚ್ಚತ್ತಿತು. ಕೋಟೆಗೆ ಹೊತ್ತು ತಂದ ಮೇಲೆ ಮಗನನ್ನು ಹತ್ತಿರ ಕರೆದು, ಅರಸುತನವೆಂಬುದು ಸೈನಿಕರ ಪ್ರೀತಿಯ ಮೇಲೆ ನಿಂತುದು, ಅದು ನಿನ್ನ ಚಿಕ್ಕಪ್ಪನ ಕಡೆಗಿದೆ ಎಂದು ತಿಳಿಹೇಳಿದನು. ಬಾಗಿಲುಗಳನ್ನು ತೆಗೆಸಿದನು. ಒಳಗೆ ಬಂದ ತಮ್ಮನು ಹಾಸಿಗೆಯ ಬಳಿ ಕುಳಿತು ಅತ್ತನು. ಅಣ್ಣನು ತಪ್ಪೊಪ್ಪಿಕೊಂಡು ರಾಜ್ಯವನ್ನೂ ಮಗನನ್ನೂ ಅವನಿಗೆ ಒಪ್ಪಿಸಿದನು. 1422ರ ಸೆಪ್ಟೆಂಬರಿನಲ್ಲಿ ಅಹಮದಶಹನಿಗೆ ಪಟ್ಟವಾಯಿತು. ಸುಮಾರು ಹತ್ತು ದಿನಗಳಲ್ಲಿಯೇ, ಅಕ್ಟೋಬರಿನ ಮೊದಲಲ್ಲಿ, ಫಿರೋಜಶಹನು ತೀರಿಕೊಂಡನು. ಅದು ಸಹಜವಾದ ಮರಣವಲ್ಲವೆಂಬ ಮಾತೂ ಇದೆ. ಮಗ ಹಸನಖಾನನು ಫಿರೋಜಾಬಾದಿನ ಅರಮನೆಯಲ್ಲಿ ಬೇಟೆ ವಿನೋದಗಳಲ್ಲಿ ದಿನ ಕಳೆಯತೊಡಗಿದನು. ಆ ವರ್ಷದ ನವೆಂಬರ್ 1ರಂದು, ನೂರು ದಾಟಿದ ವಯಸ್ಸಿನಲ್ಲಿ, ಬಂದೇನವಾಜರೂ ದೇಹವನ್ನು ಬಿಟ್ಟರು. ಅಹಮದಶಹನು ಕೆಲವು ವರ್ಷಗಳಲ್ಲಿಯೇ ರಾಜಧಾನಿಯನ್ನು ಬೀದರಿಗೆ ಒಯ್ದನು. ಬೀದರಿನ ಹತ್ತಿರ ಅಷ್ಟೂರಿನಲ್ಲಿರುವ ಅವನ ಗೋರಿಗೆ ಈಗಲೂ ಪ್ರತಿವರ್ಷ ಜಾತ್ರೆ ಸೇರುತ್ತದೆ. ನಮ್ಮ ಆಳಂದ ತಾಲೂಕಿನ ಮಾಡಿಯಾಳದ ಜಂಗಮರು ಅಲ್ಲಿಗೆ ಹೋಗಿ ಸೇವೆ ನಡೆಸುತ್ತಾರೆ. ಸಂತನ ಸಭೆಯಲ್ಲಿ ನೆಲದ ಮೇಲೆ ಕುಳಿತ ತಮ್ಮನಿಗೆ ಜಾತ್ರೆ ದಕ್ಕಿತು. ಸಭೆಗೆ ನಿಯಮಗಳನ್ನು ಮಾಡಿದ ಅಣ್ಣನಿಗೆ ದಕ್ಕಲಿಲ್ಲ.

ಕಳೆದ ಉರುಸಿನಲ್ಲಿ ನಾನೊಬ್ಬನೇ ಆ ಜೋಡಿ ಗುಮ್ಮಟದೊಳಕ್ಕೆ ಹೋಗಿದ್ದೆ. ಅಜ್ಜಿ ಈಗಿಲ್ಲ. ಗೋಡೆಗಳ ಮೇಲಿನ ಗಾರೆಯ ಕುಸುರಿ, ಹೊರಗೆ ಸೂರನ್ನು ಹೊತ್ತು ನಿಂತ, ನಮ್ಮ ಗುಡಿಗಳನ್ನು ನೆನಪಿಗೆ ತರುವ ಕಲ್ಲಿನ ಚಾಚುಗಳು, ಎಲ್ಲವೂ ಅವನ ರಸಿಕತೆಗೆ ಸಾಕ್ಷಿ. ಒಳಗೆ ಪಾರಿವಾಳಗಳ ಸದ್ದು ಬಿಟ್ಟರೆ ಮೌನ. ಕತ್ತಲಾಗುತ್ತಿದ್ದಂತೆ ದರ್ಗಾದ ಕಡೆಯಿಂದ ಕವ್ವಾಲಿ ಕೇಳಿಬಂದಿತು. ಕೋಟೆಯ ಹತ್ತಿರ ಬೇಡವೆಂದು ಫಿರೋಜಶಹನು ದೂರ ಕಳುಹಿಸಿದ ಹಾಡೇ ಅದು. ಮಣ್ಣಾದ ಮೇಲೆ ಅವನು ಅದರ ನೆರೆಮನೆಯವನಾಗಿಯೇ ಮಲಗಿದ್ದಾನೆ. ಸಂಗೀತವನ್ನು ಬಿಡಲಾರೆನೆಂದವನಿಗೆ ಇದು ಶಿಕ್ಷೆಯೋ, ಕ್ಷಮೆಯೋ ಹೇಳಬಲ್ಲವನು ನಾನಲ್ಲ.

ಓದಿಸಿ ತಂದಿದ್ದ ಸಕ್ಕರೆಯ ಪೊಟ್ಟಣ ಕೈಯಲ್ಲಿತ್ತು. ಒಂದು ಚಿಟಿಕೆಯನ್ನು ಅವನ ಹೊಸ್ತಿಲ ಮೇಲಿಟ್ಟು ಕಮಲಾಪುರದ ಬಸ್ಸಿಗೆ ಹೊರಟೆ.